ಮುಖ ಕಾಣದ ಸಿನಿಮಾ

"ಏನೇ ರೇಡಿಯೋ, ಬ್ಯಾಟರಿ ಮುಗೀತಾ?" ಎಂದು ಕ್ಯಾಮೆರಾ ಅಕ್ಕ ಸ್ಟೂಲಿನ ಮೇಲಿಂದ ಕೇಳಿದಳು. ಅವಳು ಗೋಡೆಗೆ ಬಿಳಿ ಬೆಡ್‌ಶೀಟು ಬಿಗಿಯುತ್ತಿದ್ದಳು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ಮಾತು ಹಲ್ಲಿನ ಸಂದಿಯಿಂದ ಬಂತು.

ರೇಡಿಯೋ ಒಂದೇ ಕುರ್ಚಿಯನ್ನು ಮುಂದಕ್ಕೆ ಎಳೆದಳು, ಹಿಂದಕ್ಕೆ ತಳ್ಳಿದಳು, ಮತ್ತೆ ಮುಂದಕ್ಕೆ ಎಳೆದಳು.

ಬೀದಿಯವರು ಅವಳಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಶುರುವಾದ ಮಾತು ರಾತ್ರಿ ಹೊದಿಕೆಯೊಳಗಿಂದಲೂ ಕೇಳಿಸುತ್ತಿತ್ತು. ಇವತ್ತು ಮಾತ್ರ ಬಾಯಿಗೆ ಬೀಗ ಬಿದ್ದಿತ್ತು.

"ಇವತ್ತು ಹಾಲ್ ತುಂಬುತ್ತೆ ನೋಡು. ಫ್ಯಾಕ್ಟರಿ ಮ್ಯಾನೇಜರ್ ಬರ್ತಾರಂತೆ. ಜೊತೆಗೆ ಲೈನ್ ಸಾರ್‌ನೂ ಕರ್ಕೊಂಡು ಬರ್ತಾರಂತೆ" ಎಂದಳು ಅಕ್ಕ, ಖುಷಿಯಿಂದ. "ಬರಲಿ ಬಿಡು. ನೋಡಬೇಕಾದವರು ಅವರೇ ತಾನೇ?"

ಎಳೆದ ಕುರ್ಚಿ ರೇಡಿಯೋಳ ಕಾಲಿನ ಮೇಲೆ ಬಿತ್ತು. ನೋವು ಗೊತ್ತಾಗಲೇ ಇಲ್ಲ.

ತಿಂಗಳಿಗೊಂದು ಸಲ ಲೈಬ್ರರಿಯ ಮಹಡಿಯಲ್ಲಿ ಹೀಗೆ ಸಿನಿಮಾ ತೋರಿಸುತ್ತಿದ್ದರು. ಹಾಡು, ಫೈಟಿಂಗ್ ಇರುವ ಸಿನಿಮಾ ಅಲ್ಲ, ಡಾಕ್ಯುಮೆಂಟರಿ. ಅದರಲ್ಲಿ ನಿಜವಾದ ಜನ ತಮ್ಮ ನಿಜವಾದ ಕಷ್ಟ ಹೇಳಿಕೊಳ್ಳುತ್ತಿದ್ದರು. ಮುಗಿದ ಮೇಲೆ ಲೈಟು ಹಾಕಿ, ಮೈಕು ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಚರ್ಚೆ ಮಾಡುತ್ತಿದ್ದರು. ಕಳೆದ ಸಲ ಗಾಲಿಕುರ್ಚಿಯವರು ಬಸ್ಸು ಹತ್ತಲಾಗದ ಸಿನಿಮಾ ಬಂದಿತ್ತು. ಇವತ್ತಿನದು ಬಟ್ಟೆ ಫ್ಯಾಕ್ಟರಿಯ ಹೆಂಗಸರದು. ಅಂದರೆ ರೇಡಿಯೋಳ ಅಮ್ಮನದು.

ಅಮ್ಮ ಅಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತಿದ್ದಳು. ಉದ್ದ ಸಾಲಿನಲ್ಲಿ ಹೊಲಿಗೆ ಮೆಷಿನ್ನುಗಳು. ಆ ಸಾಲಿಗೆ ಲೈನ್ ಎನ್ನುತ್ತಿದ್ದರು, ಅದನ್ನು ಕಾಯುವ ಸೂಪರ್‌ವೈಸರಿಗೆ ಲೈನ್ ಸಾರ್. ಇಡೀ ಲೈನಿಗೆ ಟಾಯ್ಲೆಟ್ಟಿಗೆ ಹೋಗಲು ಒಂದೇ ಒಂದು ಟೋಕನ್. ಅದು ಒಬ್ಬರ ಕೈಯಲ್ಲಿದ್ದರೆ ಉಳಿದವರು ತಡೆದುಕೊಂಡು ಕೂರಬೇಕು. ಆ ಗೋಳೇ ಬೇಡವೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅಮ್ಮನಿಗೆ ಉರಿಮೂತ್ರ ಶುರುವಾಗಿ ಡಾಕ್ಟರಮ್ಮ ಚೆನ್ನಾಗಿ ಬೈದಿದ್ದರು. ಬೈಸಿಕೊಂಡು ಬಂದ ಅಮ್ಮ ಮರುದಿನವೂ ನೀರು ಕುಡಿಯಲಿಲ್ಲ.

ಇದನ್ನು ಸಿನಿಮಾ ಮಾಡೋಣ ಎಂದು ಕ್ಯಾಮೆರಾ ಅಕ್ಕ ಬಂದಾಗ ಎಲ್ಲರೂ ಹಿಂದೇಟು ಹಾಕಿದರು. ಇನ್ನೊಂದು ಟೋಕನ್ ಕೊಡಿ ಎಂದು ಕೇಳಿದ ಒಬ್ಬ ಆಂಟಿಗೆ ಫ್ಯಾಕ್ಟರಿಯವರು ಸೋಮವಾರದಿಂದ ಬರಬೇಡ ಎಂದಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಮಿಕ್ಕವರು ಸುಮ್ಮನಾಗಿದ್ದರು.

ಆಗ ದಾರಿ ಹೇಳಿಕೊಟ್ಟವಳು ರೇಡಿಯೋನೇ. "ಮುಖ ಯಾಕೆ ತೋರಿಸ್ಬೇಕು? ಬೆನ್ನು ತೋರಿಸಿ. ಎಲ್ಲರಿಗೂ ಫ್ಯಾಕ್ಟರಿದೇ ನೀಲಿ ಏಪ್ರನ್ ಹಾಕ್ಸಿ. ಮಾತನ್ನ ಬೇರೆ ಯಾರ ಹತ್ರಾನಾದ್ರೂ ಹೇಳ್ಸಿ. ಯಾರು ಅಂತ ದೇವರಿಗೂ ಗೊತ್ತಾಗಲ್ಲ."

ಎಲ್ಲರೂ ಶಭಾಷ್ ಎಂದರು. ನಮ್ಮ ಮನೆ ರೇಡಿಯೋ ಬರೀ ಕಿರಿಕಿರಿ ಅಲ್ಲ, ನ್ಯೂಸೂ ಕೊಡುತ್ತೆ ಎಂದು ಅಜ್ಜಿ ವಾರವಿಡೀ ಬೀಗಿದಳು. ಲೈಬ್ರರಿಯ ಹಾಲಿನಲ್ಲೇ ಒಂದು ಮೆಷಿನ್ ಇಟ್ಟು, ಅಮ್ಮನನ್ನೂ ಅವಳ ಗೆಳತಿಯರನ್ನೂ ಕೂರಿಸಿ, ಹಿಂದಿನಿಂದ ಶೂಟಿಂಗ್ ಮಾಡಿದರು. ಅವರು ಹೇಳಿದ್ದನ್ನು ಕಾಲೇಜು ಹುಡುಗಿಯರು ತಮ್ಮ ದನಿಯಲ್ಲಿ ಓದಿದರು.

ಎಲ್ಲ ಸರಿಯಾಗಿತ್ತು, ಇವತ್ತು ಊಟದ ಹೊತ್ತಿನವರೆಗೆ. ಊಟ ಮಾಡುತ್ತ ಅಮ್ಮ ಅಜ್ಜಿಗೆ ಒಂದು ತಮಾಷೆ ಹೇಳಿದಳು.

"ನಿನ್ನೆ ತರಕಾರಿ ಅಂಗಡೀಲಿ ಲೈನ್ ಸಾರ್ ಎದುರಿಗೇ ಬಂದ್ರು. ನಾನು ನಕ್ಕೆ. ಯಾರೋ ಏನೋ ಅಂತ ಮುಂದೆ ಹೋಗ್ಬಿಟ್ರು. ಆಮೇಲೆ ನಾನು ತಿರುಗಿ ನಿಂತು ಈರುಳ್ಳಿ ಆರಿಸ್ತಿದ್ದೆ ನೋಡಿ, ಹಿಂದಿನಿಂದ 'ಏನ್ ಕಾಲರಮ್ಮ, ಈರುಳ್ಳಿ ಅಗ್ಗಾನಾ?' ಅಂತ ಕೇಳಿದ್ರು! ದಿನಾ ಹಿಂದೆ ನಿಂತೇ ನೋಡೋರು ಅಲ್ವಾ, ಮುಖ ಎಲ್ಲಿ ಗೊತ್ತಿರುತ್ತೆ?"

ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ರೇಡಿಯೋ ಮಾತ್ರ ತುತ್ತನ್ನು ತಟ್ಟೆಗೇ ಇಟ್ಟಳು. ಸಿನಿಮಾದಲ್ಲಿ ಇರುವುದೆಲ್ಲ ಬೆನ್ನೇ ಅಲ್ಲವೇ? ಹೇಳಿಬಿಡೋಣ ಎಂದು ಬಾಯಿ ತೆರೆದಳು. ಆದರೆ ಅಮ್ಮ ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ಲೈನ್ ಸಾರ್ ನಮ್ಮ ಬೀದಿಗೆ ಯಾಕೆ ಬಂದಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕುರ್ಚಿ ಜೋಡಿಸಲು ಓಡಿ ಬಂದಿದ್ದಳು.

ಈಗ ನೋಡಿದರೆ ಅವರೂ ಬರುತ್ತಾರಂತೆ.

"ಅಕ್ಕಾ, ಒಂದು ವಿಷಯ..." ಎಂದಳು. ಅಷ್ಟರಲ್ಲಿ ಪ್ರೊಜೆಕ್ಟರ್ ಆಫ್ ಆಯಿತು. ಅಕ್ಕ ಸ್ಟೂಲಿನಿಂದ ಹಾರಿ ವೈರಿನ ಕಡೆ ಓಡಿದಳು. ಆಮೇಲೆ ಹೇಳು ಪುಟ್ಟಾ ಎಂದವಳು ಆಮೇಲೆ ಕೈಗೇ ಸಿಗಲಿಲ್ಲ. ಜನ ಬರತೊಡಗಿದರು.

ಅಮ್ಮ, ಅಜ್ಜಿ ಮತ್ತು ಅಮ್ಮನ ಲೈನಿನಲ್ಲೇ ಕಾಜಾ, ಅಂದರೆ ಗುಂಡಿಯ ತೂತು, ಹೊಲಿಯುವ ಆಂಟಿ ಒಟ್ಟಿಗೆ ಬಂದು ಮೂರನೆಯ ಸಾಲಿನಲ್ಲಿ ಕೂತರು. ರೇಡಿಯೋ ಕುರ್ಚಿಗಳ ಸಂದಿಯಲ್ಲಿ ನುಗ್ಗಿ ಅಮ್ಮನ ಕಿವಿಗೆ ಬಾಯಿಟ್ಟಳು. ಲೈನ್ ಸಾರ್ ಬರ್ತಾರಂತೆ, ಅವರಿಗೆ ನಿಮ್ಮ ಬೆನ್ನೇ ಗೊತ್ತಲ್ಲ ಎಂದಳು.

ಅಮ್ಮನ ಮುಖದಲ್ಲಿದ್ದ ನಗು ಮೆಲ್ಲಗೆ ಆರಿತು. ಅವಳು ಕಾಜಾ ಆಂಟಿಯ ಕಡೆ ನೋಡಿದಳು. ಅವರಿಗೂ ಕೇಳಿಸಿತ್ತು.

"ನಿಲ್ಲಿಸಿಬಿಡೋಣ್ವಾ?" ಎಂದು ಅಮ್ಮ ಪಿಸುಗುಟ್ಟಿದಳು.

"ಈಗ ಎದ್ದು ನಿಲ್ಲಿಸಿ ಅಂದ್ರೆ, ನಾವೇ ಅಂತ ನಾವೇ ಡಂಗುರ ಹೊಡೆದ ಹಾಗಾಗುತ್ತೆ" ಎಂದರು ಕಾಜಾ ಆಂಟಿ.

ಬೈಯುತ್ತಾಳೆ ಎಂದುಕೊಂಡಿದ್ದ ರೇಡಿಯೋಗೆ ಅಮ್ಮ ಬೈಯಲಿಲ್ಲ. ಹೋಗು, ನಿನ್ನ ಕೆಲಸ ನೋಡು ಎಂದು ಕೆನ್ನೆ ತಟ್ಟಿದಳು. ಆ ಕೈ ತಣ್ಣಗಿತ್ತು. ಬೈದಿದ್ದರೇ ಚೆನ್ನಾಗಿತ್ತು ಎಂದು ರೇಡಿಯೋಗೆ ಅನಿಸಿತು.

ಅವಳ ಕೆಲಸ ಬಾಗಿಲ ಬಳಿ, ಲೈಟಿನ ಸ್ವಿಚ್ಚು ನೋಡಿಕೊಳ್ಳುವುದು. ಅಲ್ಲಿಗೆ ಹೋಗಿ ನಿಲ್ಲುತ್ತಿದ್ದಂತೆ ಮ್ಯಾನೇಜರ್ ಒಳಗೆ ಬಂದರು. ಹಿಂದೆ ಲೈನ್ ಸಾರ್. ಇಬ್ಬರೂ ಕೊನೆಯ ಸಾಲಿನಲ್ಲೇ ಕೂತರು, ಅವಳ ಕೈಗೆ ಎಟಕುವಷ್ಟು ಹತ್ತಿರ. ಮನೆಯಲ್ಲಿ ಅಷ್ಟು ಸುದ್ದಿಯಾಗುವ ಲೈನ್ ಸಾರ್ ದೊಡ್ಡ ಆಳಿರಬೇಕು ಎಂದು ಅವಳು ತಿಳಿದಿದ್ದಳು. ಇವರು ಸಣಕಲು ಮನುಷ್ಯ. ಕಾಲರು ಸವೆದ ಶರ್ಟು ಹಾಕಿದ್ದರು.

ಅಕ್ಕ ಕೈ ಬೀಸಿದಳು. ರೇಡಿಯೋ ಲೈಟು ಆರಿಸಿದಳು.

ಮೊದಲು ಕಾಜಾ ಆಂಟಿಯ ಬೆನ್ನು ಬಂತು. ಗುಂಡು ಬೆನ್ನು, ಮುಂದಕ್ಕೆ ಬಾಗಿ ಕೂರುವ ರೀತಿ. ಅಯ್ಯೋ, ಇದು ಯಾರಿಗೆ ತಾನೇ ಗೊತ್ತಾಗಲ್ಲ? ರೇಡಿಯೋಳ ಕೈ ಸ್ವಿಚ್ಚಿನ ಹತ್ತಿರ ಹೋಯಿತು. ಮುಂದಿನದು ಅಮ್ಮನದೇ ಎಂದು ಅವಳಿಗೆ ಗೊತ್ತಿತ್ತು.

ಬಂತು. ಎಡ ಭುಜ ಸ್ವಲ್ಪ ಮೇಲೆ, ಬಲ ಭುಜ ಕೆಳಗೆ. ಒಂದು ಹೊಲಿಗೆ ಮುಗಿಸಿ ಅಮ್ಮ ಕತ್ತನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಲಟಕ್ಕೆಂದು ತಿರುಗಿಸಿದಳು. ಲೋಕದಲ್ಲಿ ಹಾಗೆ ಕತ್ತು ತಿರುಗಿಸುವವಳು ಅಮ್ಮ ಒಬ್ಬಳೇ.

ಲೈನ್ ಸಾರ್ ಕುರ್ಚಿಯಲ್ಲಿ ನೆಟ್ಟಗಾದರು.

ರೇಡಿಯೋ ಯೋಚಿಸಲಿಲ್ಲ. ಅವಳ ಕೈಯೇ ಸ್ವಿಚ್ಚನ್ನು ಒತ್ತಿತು. ಹಾಲಿನ ತುಂಬ ಬೆಳಕಾಯಿತು. ಬೆಡ್‌ಶೀಟಿನ ಮೇಲಿದ್ದ ಅಮ್ಮ ಅಳಿಸಿದ ಹಾಗೆ ಮಾಯವಾದಳು.

"ಲೈಟ್ ಆಫ್ ಮಾಡ್ರೀ" ಎಂದು ಜನ ಕೂಗಿದರು. ಕೈ ತಾಗಿತಾ ಎಂದು ಅಕ್ಕ ಮುಂದಿನಿಂದ ಕೇಳಿದಳು. ಎಲ್ಲರೂ ಕತ್ತು ತಿರುಗಿಸಿ ಅವಳನ್ನೇ ನೋಡಿದರು. ಲೈನ್ ಸಾರ್ ಕೂಡ ನೋಡಿದರು. ಅವಳ ಕಣ್ಣು ತುಂಬಿ ಬಂದಿತ್ತು. ಲೈನ್ ಸಾರ್ ಅವಳನ್ನು ನೋಡಿದರು, ಬೆಡ್‌ಶೀಟನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

ಬೇರೆ ದಾರಿಯಿರಲಿಲ್ಲ. ರೇಡಿಯೋ ಲೈಟು ಆರಿಸಿದಳು. ಅಮ್ಮ ಮತ್ತೆ ಬಂದಳು, ಮತ್ತೆ ಕತ್ತು ತಿರುಗಿಸಿದಳು.

ಕತ್ತಲಲ್ಲಿ ಮ್ಯಾನೇಜರ್ ಪಕ್ಕಕ್ಕೆ ಬಾಗಿದರು. "ಯಾರಯ್ಯಾ ಇವರೆಲ್ಲ? ನಿನ್ನ ಲೈನಿನವರೇ ತಾನೇ? ಹೆಸರು ಹೇಳು."

ಲೈನ್ ಸಾರ್ ಅವರ ಬೆರಳುಗಳು ಮೊಣಕಾಲಿನ ಮೇಲೆ ಪ್ಯಾಂಟನ್ನು ಹಿಂಡುತ್ತಿದ್ದವು.

"ಮುಖ ಕಾಣ್ಸಲ್ವಲ್ಲ ಸಾರ್" ಎಂದರು ಕೊನೆಗೆ. "ಹೇಗೆ ಹೇಳಲಿ?"

"ಒಬ್ಬರೂ ಗೊತ್ತಾಗಲ್ವಾ?"

"ಇಲ್ಲ ಸಾರ್."

ಇಷ್ಟು ವರ್ಷ ಏನು ಸೂಪರ್‌ವೈಸರ್ ಕೆಲಸ ಮಾಡಿದ್ದೀಯೋ ಎಂದು ಮ್ಯಾನೇಜರ್ ಸಿಡುಕಿದರು. ಲೈನ್ ಸಾರ್ ಬೈಸಿಕೊಂಡರು.

ಸಿನಿಮಾ ಮುಗಿದು ಲೈಟು ಬಂದಾಗ ಮೈಕು ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಆಗ ಅಜ್ಜಿ ಎದ್ದಳು. ನಾನೂ ಅಲ್ಲೇ ಹೊಲಿದವಳು, ರಿಟೈರ್ ಆದವಳನ್ನ ಯಾರು ಡಿಸ್ಮಿಸ್ ಮಾಡ್ತಾರೆ, ಅದಕ್ಕೇ ಮಾತಾಡ್ತೀನಿ ಎಂದಳು. ಜನ ನಕ್ಕರು.

"ಮ್ಯಾನೇಜರ್ ಸಾಹೇಬ್ರೇ, ನಂದು ಒಂದೇ ಪ್ರಶ್ನೆ. ಟಾಯ್ಲೆಟ್ಟಿಗೆ ಹೋಗ್ಬೇಕಾದ್ರೆ ನೀವು ಯಾರ ಹತ್ರ ಟೋಕನ್ ಇಸ್ಕೋತೀರಿ?"

ಮ್ಯಾನೇಜರ್ ಕೆಮ್ಮಿದರು. ವಿಚಾರ ಮಾಡೋಣ, ನೋಡೋಣ ಎಂದು ಏನೇನೋ ಹೇಳಿ, ಗಡಿಯಾರ ನೋಡಿಕೊಂಡರು. ಆಮೇಲೆ ಅಂಗಡಿಯವರು, ಬಸ್ ಡ್ರೈವರು, ಟೀಚರು, ಹೀಗೆ ಒಬ್ಬೊಬ್ಬರಾಗಿ ಮೈಕು ತೆಗೆದುಕೊಂಡರು. ಫ್ಯಾಕ್ಟರಿಯವರಿಗೆ ಎಲ್ಲರೂ ಸೇರಿ ಅರ್ಜಿ ಕೊಡುವುದೆಂದು ಮಾತಾಯಿತು.

ಜನ ಕರಗಿದಾಗ ಅಮ್ಮ ಅಕ್ಕನ ಜೊತೆ ಬೆಡ್‌ಶೀಟು ಮಡಚುತ್ತಿದ್ದಳು. ಬೆನ್ನು ಬಾಗಿಲ ಕಡೆಗಿತ್ತು. ಲೈನ್ ಸಾರ್ ಹೊಸ್ತಿಲಲ್ಲಿ ನಿಂತು ಆ ಬೆನ್ನನ್ನು ನೋಡಿದರು. ಕರೆಯುವವರ ಹಾಗೆ ಬಾಯಿ ತೆರೆದರು. ಮೆಟ್ಟಿಲ ಮೇಲೆ ಮ್ಯಾನೇಜರ್ ಫೋನಿನಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಂಡರು.

ಏನನ್ನಿಸಿತೋ, ಅಮ್ಮ ತಿರುಗಿದಳು. ಇಬ್ಬರೂ ಮುಖಾಮುಖಿ ನಿಂತರು. ಲೈನ್ ಸಾರ್ ಅಮ್ಮನ ಮುಖವನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಇಳಿದು ಹೋದರು.

ಬೀದಿಯಲ್ಲಿ ಎಲ್ಲರೂ ಗುಂಪಾಗಿ ನಡೆದರು. ಕಾಜಾ ಆಂಟಿಗೆ ತಡೆಯಲಾಗಲಿಲ್ಲ. "ಲೇ ರೇಡಿಯೋ, ನೀನು ಅವರ ಹಿಂದೇನೇ ನಿಂತಿದ್ದೆಯಲ್ಲ. ಏನಂದ್ರು? ನಮ್ಮ ಹೆಸರು ಹೇಳಿದ್ರಾ?"

ಅಜ್ಜಿ, ಆಂಟಿಯರು, ಅಂಗಡಿಯವರು ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ಮಾತು ನಾಲಿಗೆಯ ತುದಿಗೇ ಬಂದಿತ್ತು. ಲೈನ್ ಸಾರ್ ನಿಮ್ಮನ್ನೆಲ್ಲ ಗುರುತು ಹಿಡಿದರು, ಆದರೂ ಇಲ್ಲ ಅಂದರು. ಹೇಳಿದರೆ ಎಲ್ಲರೂ ಹಿಗ್ಗುತ್ತಿದ್ದರು. ಆದರೆ ಈ ಬೀದಿಯಲ್ಲಿ ರಾತ್ರಿ ಹೇಳಿದ್ದು ಬೆಳಗ್ಗೆ ಫ್ಯಾಕ್ಟರಿ ಗೇಟಿನಲ್ಲಿರುತ್ತದೆ. ಅಲ್ಲಿಂದ ಮ್ಯಾನೇಜರ್ ರೂಮು ಎಷ್ಟು ದೂರ? ಸೋಮವಾರದಿಂದ ಬರಬೇಡ ಎನ್ನುವುದು ಲೈನ್ ಸಾರ್‌ಗೂ ಬರಬಹುದು.

"ಗೊತ್ತಾಗಲಿಲ್ಲ ಅಂದ್ರು, ಅಷ್ಟೇ" ಎಂದಳು ರೇಡಿಯೋ. "ಮುಖ ಕಾಣಲ್ವಲ್ಲ, ಅದಕ್ಕೆ."

ಸದ್ಯ, ಬದುಕಿದೆವು ಎಂದು ಕಾಜಾ ಆಂಟಿ ನಿಟ್ಟುಸಿರು ಬಿಟ್ಟರು. ಅಜ್ಜಿ ಮ್ಯಾನೇಜರ್ ಕೆಮ್ಮಿದ್ದನ್ನು ನಟಿಸಿ ತೋರಿಸತೊಡಗಿದಳು. ಗುಂಪು ನಗುತ್ತ ಮುಂದೆ ಹೋಯಿತು.

ಅಮ್ಮ ನಗಲಿಲ್ಲ. ಅವಳು ನಿಂತು ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ತರಕಾರಿ ಅಂಗಡಿಯಲ್ಲಿ ಲೈನ್ ಸಾರ್ ಬೆನ್ನು ನೋಡಿಯೇ ಗುರುತು ಹಿಡಿದದ್ದು ಅವಳನ್ನೇ ತಾನೇ? ರೇಡಿಯೋ ಕಣ್ಣು ತಪ್ಪಿಸಲಿಲ್ಲ.

ಅಮ್ಮ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಗುಂಪಿಗಿಂತ ಸ್ವಲ್ಪ ಹಿಂದೆ, ಮನೆಯವರೆಗೂ ಸುಮ್ಮನೆ ನಡೆದರು.