ಕೆಮ್ಮಣ್ಣಿನ ಗುರುತು

ಸುಲಭಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಎದುರಿಗೆ ಮುನ್ಸಿಪಾಲಿಟಿಯ ದಿಗಂಬರ. ಒಂದು ಕೈಯಲ್ಲಿ ಕೆಮ್ಮಣ್ಣಿನ ಡಬ್ಬಿ, ಇನ್ನೊಂದರಲ್ಲಿ ಕುಂಚ.

ಪುಣೆಯಲ್ಲಿ ಅದು ೧೯೧೧ರ ಪ್ಲೇಗಿನ ಕಾಲ. ಇಲಿ ಸತ್ತು ಬಿದ್ದ ಮನೆಯ ಬಾಗಿಲಿಗೆ ಕೆಂಪು ಗುರುತು ಹಾಕುವುದು, ಮನೆಯವರನ್ನು ಅದೇ ದಿನ ಊರ ಹೊರಗಿನ ಗುಡಿಸಲಿಗೆ ಕಳಿಸುವುದು ಅವನ ಕೆಲಸ. ಇವತ್ತು ಇಲಿ ಬಿದ್ದದ್ದು ಸುಲಭಾಳ ಮನೆಯಲ್ಲಿ.

ನಾಡಿದ್ದು ಅದೇ ಮನೆಯಲ್ಲಿ ಅವರಿಬ್ಬರ ನಿಶ್ಚಿತಾರ್ಥ...

ಧಾರವಾಡದಿಂದ ಬಂದು ನೆಲೆಸಿದ ಎರಡು ಮನೆತನ. ಹಿರಿಯರು ಎಲ್ಲ ಮಾತಾಡಿ ಮುಗಿಸಿದ್ದರು. ಹುಡುಗ ಹುಡುಗಿ ಮಾತಾಡಿದ್ದು ಮಾತ್ರ ಇದೇ ಮೊದಲು.

"ಎರಡ ದಿನ ತಡೀರಿ. ಗುರುತು ಬಿದ್ದ ಮನಿಗೆ ನಿಮ್ಮ ತಾಯಿ ಕಾಲ ಇಡ್ತಾರೇನ್ರಿ? ಅಪಶಕುನ ಅಂತ ಸಂಬಂಧ ಮುರದ ಬಿಡ್ತಾರ."

"ಹಂಗ ಮಾಡ್ಲಿಕ್ಕೆ ಬರೂದಿಲ್ಲ."

"ನನ್ನ ಸಲುವಾಗಿ..."

ಅವಳ ಕಣ್ಣು ತುಂಬಿತ್ತು. ಅವನು ಡಬ್ಬಿಯ ಮುಚ್ಚಳ ಹಾಕಿದ. ಇಪ್ಪತ್ತನಾಲ್ಕರ ಹುಡುಗ, ಬೇರೆ ಏನು ಮಾಡಿಯಾನು?

ನಿಶ್ಚಿತಾರ್ಥದ ಬೆಳಿಗ್ಗೆ ಸುಲಭಾಳ ತಂಗಿ, ಹತ್ತು ವರ್ಷದ ಇಂದೂಗೆ ಜ್ವರ ಬಂತು. ದಿಗಂಬರನೇ ಬಂದು ಗುರುತು ಹಾಕಿದ. ತಲೆ ಎತ್ತಲಿಲ್ಲ. ನಾಲ್ಕನೆಯ ದಿನ ಗುಡಿಸಲಿನಲ್ಲಿ ಇಂದೂ ತೀರಿಕೊಂಡಳು. ಅಕ್ಕನ ನಿಶ್ಚಿತಾರ್ಥಕ್ಕೆಂದು ಅವಳಿಗೆ ಹೊಲಿಸಿದ್ದ ಹಸಿರು ಲಂಗ ಮಡಿಕೆ ಬಿಚ್ಚದೆ ಉಳಿಯಿತು.

ಸಂಬಂಧ ಮುರಿಯಿತು ಎಂದು ಯಾರೂ ಹೇಳಲಿಲ್ಲ. ದಿಗಂಬರ ಮತ್ತೆ ಬರಲಿಲ್ಲ, ಅಷ್ಟೆ.

'ತಂಗಿಯನ್ನು ಕೊಂದವಳ ಮುಖ ಅವರಾದರೂ ಹೇಗೆ ನೋಡಿಯಾರು...' ಎಂದುಕೊಂಡಳು ಸುಲಭಾ. ಬಂದ ವರಗಳನ್ನೆಲ್ಲ ಬೇಡವೆಂದಳು. ಅಪ್ಪ ಬೈದು ಬೈದು ಸೋತರು. ಕೊನೆಗೆ ಅವಳು ಮುನ್ಸಿಪಾಲಿಟಿಯ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾಗಿ ಸೇರಿದಳು.

ದಿಗಂಬರನೂ ಒಂಟಿಯಾಗಿಯೇ ಉಳಿದ. ಮೂವತ್ತೊಂದು ವರ್ಷ ಅದೇ ಕಚೇರಿ. ಆಮೇಲೆ ಅವನು ಯಾರಿಗಾಗಿಯೂ ಒಂದು ತಾಸು ತಡೆಯಲಿಲ್ಲ. ಮದುವೆಯ ಚಪ್ಪರವಿರಲಿ, ಹಸಿ ಬಾಣಂತಿಯಿರಲಿ, ಗುರುತು ಹಾಕಿಯೇ ಮುಂದೆ ಹೋಗುತ್ತಿದ್ದ. ಪೇಟೆಯ ಮರಾಠಿ ಜನ ಅವನನ್ನು 'ದಗಡ' ಎಂದು ಕರೆದರು, ಕಲ್ಲು ಅಂತ. ಊರಿಗೇನೋ ಒಳ್ಳೆಯದೇ ಆಯಿತು. ಊರಿಗೇನು, ಯಾರ ಬದುಕು ಹಾಳಾದರೂ ಚರಂಡಿ ಹರಿದರೆ ಸಾಕು.

ಪ್ರತಿವರ್ಷ ಸಿಡುಬಿನ ಲಸಿಕೆ ಹಾಕಿಸಲು ಅವನು ಅವಳ ಶಾಲೆಗೆ ಬರುತ್ತಿದ್ದ. ಅವಳು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ಇಬ್ಬರೂ ಮಕ್ಕಳನ್ನಷ್ಟೇ ನೋಡುತ್ತಿದ್ದರು.

೧೯೪೨ರಲ್ಲಿ ಅವನು ನಿವೃತ್ತನಾದ. ಬೀಳ್ಕೊಡುಗೆಯ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಶಾಲೆಯ ಮಾಸ್ತರಿಣಿಯರೂ ಕೂತಿದ್ದರು. ಹಾರ ಹಾಕಿಸಿಕೊಂಡು ದಿಗಂಬರ ಎದ್ದು ನಿಂತು ಮರಾಠಿಯಲ್ಲಿ ನಾಲ್ಕೇ ಮಾತು ಆಡಿದ.

"ಒಂದು ಮನೆಗೆ ಗುರುತು ಹಾಕದೆ ಎರಡು ದಿನ ತಡೆದಿದ್ದೆ. ಒಬ್ಬ ಹುಡುಗಿ ಸತ್ತಳು. ಆ ಮನೆಯವರು ನನ್ನನ್ನು ಕ್ಷಮಿಸುವುದಿಲ್ಲ. ಅವರಿಗೆ ಮುಖ ತೋರಿಸುವ ಧೈರ್ಯ ನನಗೆ ಇವತ್ತಿಗೂ ಇಲ್ಲ."

ಸುಲಭಾ ತಲೆ ಎತ್ತಿ ಅವನನ್ನು ನೋಡಿದಳು. 'ಹಾಗಾದರೆ... ನನ್ನ ಮೇಲಿನ ಅಸಹ್ಯಕ್ಕೆ ದೂರ ಉಳಿದದ್ದಲ್ಲವೆ?'

ಸಭೆ ಮುಗಿದ ಮೇಲೆ ಅವಳು ಅವನೆದುರು ಹೋಗಿ, "ನಡೀರಿ," ಎಂದಳು. ಇಬ್ಬರೂ ಅವಳ ಅದೇ ಹಳೆಯ ಮನೆಯವರೆಗೆ ನಡೆದರು. ಅವಳು ಬೀಗ ತೆಗೆದು ಹೊಸ್ತಿಲ ಮೇಲೆ ನಿಂತಳು. ಅವನು ಹೊರಗೇ ನಿಂತುಬಿಟ್ಟ, ಅವತ್ತು ನಿಂತಿದ್ದ ಜಾಗದಲ್ಲೇ.

"ತಡೀರಿ ಅಂದಾಕಿ ನಾನು. ನನ್ನ ಮಾರಿ ನೋಡೂದು ಬ್ಯಾಡ ಅಂತ ಹೋದ್ರಿ ಅಂದ್ಕೊಂಡಿದ್ದೆ."

"ತಡದಾಂವ ನಾನು. ಯಾವ ಮಾರಿ ಇಟ್ಕೊಂಡು ಬರ್ಲಿ?"

"ಬಂದು ಅಳಬಹುದಿತ್ತಲ್ರಿ. ಇಷ್ಟು ವರ್ಷ ನಾನೊಬ್ಬಾಕೇ ಅತ್ತೆ."

ಬಿಳಿ ಮೀಸೆಗಿಳಿದ ಕಣ್ಣೀರನ್ನು ಅವನು ಒರೆಸಿಕೊಂಡ. ಕಳೆದ ವರ್ಷಗಳನ್ನು ಎಲ್ಲಿಂದ ತಂದಾನು?

"ಅವತ್ತ ನೀವು ನನ್ನ ಮಾತು ಕೇಳಬಾರದಿತ್ತು."

"ಹೌದ್ರಿ... ಕೇಳಬಾರದಿತ್ತು."

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಇವತ್ತ ಕೇಳ್ರಿ. ಒಳಗ ಬರ್ರಿ."