ಮೊಣಕಾಲ ಹಿಂದಿನ ಮಚ್ಚೆ

“ಎಷ್ಟೊತ್ತೇ? ಒಳಗೇ ಸಂಸಾರ ಹೂಡಿದ್ಯಾ? ಡಾಕ್ಟ್ರು ಕಾಯ್ತಿರ್ತಾರೆ!” ಅಮ್ಮ ಬಚ್ಚಲ ಬಾಗಿಲು ಬಡಿದಳು.

“ಬಂದೇ ಅಮ್ಮಾ!”

ಒಳಗಿದ್ದ ಮಗಳನ್ನು ಮನೆಯಲ್ಲಿ ಎಲ್ಲರೂ ಪಟಾಕಿ ಎಂದೇ ಕರೆಯುವುದು. ಬಾಯಿ ಹಾಗಿತ್ತು ನೋಡಿ! ಇವತ್ತು ಮಾತ್ರ ಪಟಾಕಿ ಠುಸ್. ಮೊಣಕಾಲ ಹಿಂದಿನ ಮಚ್ಚೆಗೆ ಮೊದಲು ಕಿತ್ತಳೆ ಬಣ್ಣದ ಕ್ರೀಮು, ಅದರ ಮೇಲೆ ಮೈಬಣ್ಣದ್ದು, ಆಮೇಲೆ ಪೌಡರು. ಉಜ್ಜಬಾರದು, ಬೆರಳ ತುದಿಯಿಂದ ತಟ್ಟಬೇಕು. ತನ್ನ ಬ್ಯೂಟಿ ಪಾರ್ಲರಿನಲ್ಲಿ ಅಮ್ಮ ಗಿರಾಕಿಗಳ ಕಲೆ ಮುಚ್ಚುವುದನ್ನು ನೋಡಿ ನೋಡಿ ಅವಳಿಗದು ನೀರು ಕುಡಿದಷ್ಟು ಸಲೀಸು. ಮಚ್ಚೆ ಮಾಯ!

ಅಜ್ಜಿಗೆ ಚರ್ಮದ ಕ್ಯಾನ್ಸರ್ ಬಂದಿತ್ತು. ಹೋದ ವರ್ಷ ಅಮ್ಮನಿಗೂ ಬಂತು. ಭುಜದ ಮಚ್ಚೆಯನ್ನು ಆಪರೇಷನ್ ಮಾಡಿ ತೆಗೆದರು. ಮೊನ್ನೆ ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಅಳುತ್ತಿದ್ದಳು: “ನನ್ನಿಂದ ಮಗಳಿಗೂ ಬಂದ್ರೆ ನಾನಂತೂ ತಡ್ಕೊಳ್ಳಲ್ಲ ಕಣೇ.”

ಪಟಾಕಿಯ ಮಚ್ಚೆ ಈಚೆಗೆ ದೊಡ್ಡದಾಗಿತ್ತು, ಒಂದು ಅಂಚು ಕಪ್ಪಾಗಿತ್ತು. ಅಮ್ಮನಿಗೆ ಅದು ಕಾಣಲೇಬಾರದು, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ದೀಪವಿದ್ದ ಲೆನ್ಸು ಹಿಡಿದು ಅವಳ ಕೈ, ಕುತ್ತಿಗೆ, ಬೆನ್ನಿನ ಮಚ್ಚೆಗಳನ್ನೆಲ್ಲ ನೋಡಿದರು.

“ಅಮ್ಮನ ಜೀನ್ ಹಾಳಾಗಿದ್ಯಾ ಡಾಕ್ಟ್ರೇ?” ಪಟಾಕಿ ಕೇಳಿದಳು.

“ಇಲ್ಲ ಪುಟ್ಟಾ. ಕ್ಯಾನ್ಸರ್ ಬರದ ಹಾಗೆ ಕಾವಲು ಕಾಯೋ ಜೀನ್ ಅದು. ಅಮ್ಮಂದು ನೆಟ್ಟಗೇ ಇದೆ, ಆದ್ರೆ ಸ್ವಿಚ್ ಆಫ್ ಆಗಿದೆ. ಒಂದೊಂದು ಸಲ ಹಾಗೆ ಆಫ್ ಆಗಿರೋದೇ ಮಕ್ಕಳಿಗೂ ಬರುತ್ತೆ. ಒಂದೊಂದು ಸಲ ಮಕ್ಕಳಲ್ಲಿ ಮತ್ತೆ ಆನ್ ಆಗಿರುತ್ತೆ. ನಿಂದು ಹೇಗಿದೆ ಅಂತ ರಕ್ತ ಪರೀಕ್ಷೆ ಮಾಡಿ ನೋಡೋಣ. ಅಲ್ಲೀವರೆಗೆ ಮಚ್ಚೆಗಳ ಮೇಲೆ ಕಣ್ಣಿಟ್ಟಿರ್ಬೇಕು. ಎಲ್ಲಿ, ತಿರುಗು.”

ಡಾಕ್ಟರ ಕಣ್ಣು ತೊಡೆಯಿಂದ ಕೆಳಗಿಳಿಯಿತು. ಮೊಣಕಾಲ ಹಿಂದೆ ಬಂತು... ದಾಟಿ ಹೋಯಿತು.

“ಹೆದರೋ ಅಂಥದ್ದೇನೂ ಕಾಣ್ತಿಲ್ಲ,” ಎಂದು ಡಾಕ್ಟರು ಗ್ಲೌಸು ಬಿಚ್ಚಿದರು.

ಅಮ್ಮ ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕುಸಿದಳು. “ಬದುಕಿದೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನನ್ನ ಮಚ್ಚೇನ ಕ್ರೀಮು ಹಚ್ಚಿ ಮುಚ್ಕೊಂಡು ಓಡಾಡಿದ್ದೆ. ಅಷ್ಟರಲ್ಲಿ ಅದು ಆಳಕ್ಕೆ ಇಳಿದಿತ್ತು.”

ಪಟಾಕಿ ಮೊಣಕಾಲ ಹಿಂದೆ ಕೈಯಿಟ್ಟಳು. ಹೇಳಿದರೆ ಅಮ್ಮ ಅಳುತ್ತಾಳೆ. ಹೇಳದಿದ್ದರೆ?

ಟ್ರೇಯಲ್ಲಿದ್ದ ಒದ್ದೆ ಹತ್ತಿ ಎತ್ತಿಕೊಂಡು ಮೊಣಕಾಲ ಹಿಂದೆ ತಿಕ್ಕತೊಡಗಿದಳು. ಹತ್ತಿ ಕಿತ್ತಳೆ ಬಣ್ಣವಾಯಿತು.

“ಅಮ್ಮಾ, ಇಲ್ಲೊಂದಿದೆ. ನಾನೇ ಮುಚ್ಚಿದ್ದೆ. ನೀನು ತಡ್ಕೊಳ್ಳಲ್ಲ ಅಂದ್ಯಲ್ಲಾ...”

ಅಮ್ಮನ ಮುಖ ಬಿಳಿಚಿಕೊಂಡಿತು. ಇನ್ನೇನು ಅತ್ತೇಬಿಡುತ್ತಾಳೆ ಎಂದು ಪಟಾಕಿ ಕಣ್ಣು ಮುಚ್ಚಿದಳು. ಕುರ್ಚಿ ಸರಿದ ಸದ್ದಾಯಿತು. ಕಣ್ಣು ಬಿಟ್ಟರೆ ಅಮ್ಮ ನೆಲದ ಮೇಲೆ ಮಂಡಿಯೂರಿ, ಉಳಿದ ಕ್ರೀಮನ್ನು ಒರೆಸುತ್ತಿದ್ದಾಳೆ.

“ಕತ್ತೆ! ಯಾವಾಗಿಂದ ದೊಡ್ಡದಾಗ್ತಿದೆ? ಕೆರೆತ ಇದ್ಯಾ? ಸರಿಯಾಗಿ ಹೇಳು. ಡಾಕ್ಟ್ರೇ, ದೀಪ ಇಲ್ಲಿ ಹಿಡೀರಿ.”

ಡಾಕ್ಟರು ಬಹಳ ಹೊತ್ತು ನೋಡಿದರು. “ಇದನ್ನ ತೆಗೆದು ಪರೀಕ್ಷೆಗೆ ಕಳಿಸೋಣ. ಏನು ಅಂತ ಈಗಲೇ ಹೇಳೋಕಾಗಲ್ಲ. ಇನ್ನೂ ಚಿಕ್ಕದಿದೆ, ಇವತ್ತೇ ತೋರಿಸಿದ್ದು ಒಳ್ಳೇದಾಯ್ತು.”

“ನೋವಾಗುತ್ತಾ ಅಮ್ಮಾ?”

“ಸೂಜಿ ಚುಚ್ಚಿದಾಗ ಆಗುತ್ತೆ. ನಾನಿರ್ತೀನಲ್ಲ.”

ಅಮ್ಮ ಹೆದರಿದ್ದಳು, ಅದು ಚೆನ್ನಾಗಿ ಕಾಣುತ್ತಿತ್ತು. ಆದರೂ ಅವಳ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಪಟಾಕಿ ಕಾಲನ್ನು ಬೆಳಕಿನ ಕಡೆಗೆ ಇನ್ನಷ್ಟು ಸರಿಸಿದಳು.