ಭೈರವಿ ನುಡಿದ ಸಂಜೆ

"ಯಾರದು? ಉಸಿರು ಬಿಟ್ರ ಕುತ್ತಿಗಿ ಹೋಗ್ತೈತಿ!"

ಸುವರ್ಣಾಳ ಎದೆ ಧಸಕ್ಕೆಂದಿತು. ಖಡ್ಗವಿಲ್ಲ, ಕಾವಲುಗಾರನೂ ಇಲ್ಲ. ದಾಂಡೇಲಿಯ ಮಿಲ್ ಕ್ವಾರ್ಟರ್ಸಿನಲ್ಲಿ ನೆರೆಮನೆಯ ಸುಮಿತಕ್ಕನ ಊಟದ ಮೇಜು, ಚಹಾದ ಕಪ್ಪುಗಳು, ಎರಡು ದಾಳ, ಎದುರಿಗೆ ಮೌನೇಶ... ಆದರೂ ಅಂಗೈ ಬೆವರಿತ್ತು!

ದಾಳ ಒಗೆದು ಕಥೆ ಕಟ್ಟುವ ಈ ಆಟದಲ್ಲಿ ಅವಳು ನಾನೂರು ವರ್ಷದ ಹಿಂದಿನ ವಿಜಯಪುರದ ಗೂಢಚಾರಿಣಿ ಗುಲ್ನಾರ್. ಕೋಟೆಯ ಸೆರೆಮನೆಯಿಂದ ನುಸುಳಿ ಕತ್ತಲಲ್ಲಿ ಅಡಗಿದ್ದಾಳೆ. ಕಥೆ ನಡೆಸುವವನು ಮೌನೇಶ; ಕಾವಲುಗಾರನ ಗದರಿಕೆಯೂ ಅವನದೇ. ಹೆಸರಿಗೆ ತಕ್ಕ ಮೌನಿ. ಅವನು ಆಡುವುದೆಲ್ಲ ಆಟದಲ್ಲೇ!

ಸಂಗೀತವೂ ಆ ಕಾಲದ್ದೇ ಆಗಬೇಕು ಅವನಿಗೆ. "ಆವಾಗ ಹಾರ್ಮೋನಿಯಂ ಎಲ್ಲಿತ್ರೀ?" ಎಂದು ತಾನೇ ಸಾರಂಗಿ ಹಿಡಿಯುತ್ತಿದ್ದ. ಗಡಿಯಾರವಿಲ್ಲದ ಕೋಟೆ; ರಾಗ ಕೇಳಿಯೇ ಹೊತ್ತು ತಿಳಿಯಬೇಕು, ಅದೇ ಆಟದ ನಿಯಮ. ಇಷ್ಟೊತ್ತೂ ನಡುರಾತ್ರಿಯ ಮಾಲಕಂಸ ರಾಗ ನುಡಿಯುತ್ತಿತ್ತು.

ಸುವರ್ಣಾ ಹೆದರಿದ್ದು ಗುಲ್ನಾರಳ ಕುತ್ತಿಗೆಗಲ್ಲ. ಮಧ್ಯಾಹ್ನವಷ್ಟೇ ಸುಮಿತಕ್ಕ ಹೇಳಿದ್ದಳು: "ಮೌನೇಶಗ ಬೆಳಗಾವ್ಯಾಗ ನೌಕರಿ ಸಿಕ್ಕೈತಂತ. ಸೋಮವಾರ ಹೊಂಟಾನ."

'ಇದ ಕಡೀ ಆಟ ಏನು? ನಾ ಇನ್ನೂ ಏನೂ ಹೇಳಿಲ್ಲಲ್ಲ...'

ಭಯ ಮುಚ್ಚಲು ಕಾವಲುಗಾರನ ದನಿಯನ್ನೇ ಅಣಕಿಸಹೊರಟಳು. "ಯಾರ..." ಎನ್ನುವಷ್ಟರಲ್ಲೇ ದನಿ ತಪ್ಪಿತು!

ಆಗ ಸಾರಂಗಿ ರಾಗ ಬದಲಿಸಿತು. ಭೈರವಿ!

ಧಾರವಾಡದಲ್ಲಿ ಅಪ್ಪನ ಜೊತೆ ಸಂಗೀತದ ಮೈಫಲ್ ಕೇಳಿ ಬೆಳೆದವಳಿಗೆ ಅದರರ್ಥ ಒಂದೇ. ಭೈರವಿ ಶುರುವಾಯಿತೆಂದರೆ ಮುಗಿಯಿತು; ಹಿಂದೆ ಕೂತವರು ಚಪ್ಪಲಿ ಹುಡುಕತೊಡಗುತ್ತಾರೆ. ಸುಮಿತಕ್ಕನಂತೂ ಆಗಲೇ ಕಪ್ಪುಗಳನ್ನೆತ್ತಿಕೊಂಡು ಒಳಗೆ ನಡೆದಳು.

'ಬಾಯಿಬಿಟ್ಟು ಹೇಳಲಾರದ ಹಿಂಗ ಕಳಸ್ತಾನ...'

ಸುವರ್ಣಾ ಎದ್ದಳು.

"ತಿಳೀತ್ರೀ. ಬರ್ತೇನಿ."

ಸಾರಂಗಿಯ ಕಮಾನು ಗಕ್ಕನೆ ನಿಂತಿತು. "ಎಲ್ಲಿಗ್ರೀ? ಈಗರೆ ಬೆಳಗಾತು!"

"ಭೈರವಿ ಬಾರಿಸಿದ್ರಲ್ಲ... ಮುಗಿಸಿದ್ರಿ."

"ಅಯ್ಯ! ಅದು ನಿಮ್ಮ ಧಾರವಾಡದ ಮೈಫಲ್‌ದಾಗ. ನಮ್ಮ ಕೋಟೆಯೊಳಗ ಭೈರವಿ ಅಂದ್ರ ಮುಂಜಾನಿ. ಕಾವಲಿನವ್ರು ಬದಲಾಗ್ತಾರ, ಬಾಗ್ಲಾ ತೆರೀತೈತಿ. ಗುಲ್ನಾರ್ ಉಳದ್ಲು!"

ಅಳುತ್ತಲೇ ನಕ್ಕಳು ಸುವರ್ಣಾ. ಭಯ ಮಾತ್ರ ಆ ಬಾಗಿಲಲ್ಲೇ ನಿಂತಿತ್ತು. "ಮತ್ತ... ಬೆಳಗಾವಿ?"

"ಹೋಗ್ತೇನಿ. ಶನಿವಾರಕ್ಕೊಮ್ಮೆ ಬರ್ತೇನಿ." ಮೌನೇಶ ಸಾರಂಗಿಯನ್ನು ಮೇಜಿನ ಮೇಲಿಟ್ಟ. "ಕೋಟೆ ಹೊರಗ ಒಬ್ಬ ಸಾರಂಗಿಯವ ಕಾಯಾಕತ್ತಾನ್ರೀ. ಆಟದಾಗ ಬಿಟ್ರ ಅಂವಗ ಮಾತ ಬರೂದಿಲ್ಲ. ಅವನ ಜೋಡಿ ಆಕಿ ಹೋಗ್ತಾಳೋ ಇಲ್ಲೋ... ದಾಳ ಒಗೀರಿ."

ಅವಳು ದಾಳಗಳನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅಬ್ಬಾ, ಆ ಅಂಗೈಯೂ ಬೆವರಿತ್ತು!

"ಯಾರದು?" ಕಾವಲುಗಾರನ ದನಿ ಈಗ ಅವಳಿಗೆ ತಪ್ಪದೆ ಬಂತು.

"ನಾ... ಮೌನೇಶ."

"ಇದಕ್ಕ ದಾಳ ಯಾಕ ಬೇಕೋ, ಹುಚ್ಚಾ?"